ಅಕ್ಕನ ಜ್ವರ ಇಳಿಸೆಂದು ಬೇಡಿದ ಆರು ವಾರ

ಅಕ್ಕನ ಬಲಗೈ ಬಿದ್ದುಹೋದದ್ದು ಕಳೆದ ವರ್ಷ ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಪೂಜೆಗೆ ಕುಳಿತಾಗ. ಕೈಯಲ್ಲಿದ್ದ ವಿಭೂತಿ ಗಟ್ಟಿ ನೆಲಕ್ಕೆ ಬಿದ್ದ ಸದ್ದು ಕೇಳಿ ನನ್ನ ಹೆಂಡತಿ ಮಹಾದೇವಿ ದೇವರ ಕೋಣೆಗೆ ಹೋದಳು. ಅಕ್ಕ ಗೋಡೆಗೆ ಒರಗಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ಹೊರಡುತ್ತಿರಲಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಹಾಗೇ ಇತ್ತು. ಬೆಳಗಾವಿಯ ಶಹಾಪುರದ ನಮ್ಮ ಮನೆಯಿಂದ ಆಸ್ಪತ್ರೆಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ದಾರಿಯುದ್ದಕ್ಕೂ ಅವಳು ಆ ಮುಷ್ಟಿಯನ್ನು ಬಿಚ್ಚಲಿಲ್ಲ.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ನನಗೆ ಐದು ತುಂಬುವ ಮೊದಲೇ ಅವ್ವ ತೀರಿಕೊಂಡಳು, ಆಮೇಲೆ ನನ್ನನ್ನು ಬೆಳೆಸಿದವಳು ಇವಳೇ. ಗುಂಜಿಯ ಕನ್ನಡ ಶಾಲೆಯಲ್ಲಿ ಬಹಳ ವರ್ಷ ಕಲಿಸಿದಳು. ನಿವೃತ್ತಳಾದ ಮೇಲೆ ಬೆಳಗಾವಿಯಲ್ಲಿ ನಮ್ಮೊಂದಿಗೇ ಇದ್ದಾಳೆ. ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಂಡದ್ದನ್ನು ಕಂಡಷ್ಟೇ ಬರೆಯುವುದು ರೂಢಿ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಶರಣ ಬಂಧುಗಳು ಇದರಲ್ಲಿ ಪವಾಡ ಹುಡುಕಬಾರದು. ನಾನು ಒಂದು ಪ್ರಾರ್ಥನೆ ಮಾಡಿದೆ, ಅದಕ್ಕೆ ಉತ್ತರ ಬಂತು. ಆ ಉತ್ತರ ನನಗೆ ನಾಚಿಕೆಯನ್ನೂ ತಂದಿತು. ಎರಡನ್ನೂ ಹೇಳದಿದ್ದರೆ ಹೇಳಿದ್ದು ಪೂರ್ತಿಯಾಗುವುದಿಲ್ಲ.

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆವು. ಲಿಂಗ ಕಟ್ಟಿದ ಕೊರಳಿನ ಶಿವದಾರ ತೆಗೆಯಬೇಕೆಂದಾಗ ಅಕ್ಕ ಎಡಗೈಯಿಂದ ಅದನ್ನು ಹಿಡಿದುಕೊಂಡಳು. ಕೊನೆಗೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎಡ ತೋಳಿಗೆ ಕಟ್ಟಲು ಒಬ್ಬ ಹಿರಿಯ ಸಿಸ್ಟರ್ ಒಪ್ಪಿದರು. ಜೀವಕ್ಕೆ ಸದ್ಯ ಅಪಾಯವಿಲ್ಲ ಎಂಬ ಮಾತು ಆರನೆಯ ದಿನ ಬಂತು. ಕೈ, ಕಾಲು, ಮಾತು ಎಷ್ಟು ಮರಳುತ್ತವೆ ಎಂದು ಯಾರೂ ಹೇಳಲಿಲ್ಲ. ಅದಕ್ಕಿಂತ ಹತ್ತಿರದ ಭಯ ಗಂಟಲಿನದಾಗಿತ್ತು. ನುಂಗುವ ಶಕ್ತಿ ಹೋಗಿತ್ತು. ಹೊಟ್ಟೆಗೆ ಇಳಿಯಬೇಕಾದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಇವರಿಗೆ ಕೆಮ್ಮು ಕೂಡ ಬರುವುದಿಲ್ಲ, ಹಾಗಾಗಿ ಹೊರಗಿನವರಿಗೆ ತಿಳಿಯುವುದೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ಬಾಯಿಂದ ಏನೂ ಬೇಡ, ನೀರೂ ಬೇಡ ಎಂದರು. ನಾನು ಅದನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ಹನ್ನೆರಡನೆಯ ದಿನ ಡಿಸ್ಚಾರ್ಜ್ ಎಂದರು. ಆಸ್ಪತ್ರೆಯ ಕೆಲಸ ಮುಗಿದಿತ್ತು, ಮನೆಯ ಕೆಲಸ ನಮ್ಮಿಂದ ಆಗುವಂಥದ್ದಾಗಿರಲಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಗಂಟಲಿನ ಕಫವನ್ನು ಯಂತ್ರದಿಂದ ಎಳೆಯಬೇಕು, ನಳಿಕೆ ಜಾಗದಲ್ಲಿದೆಯೇ ಎಂದು ಪ್ರತಿಸಲ ನೋಡಿಯೇ ಗಂಜಿ ಹಾಕಬೇಕು. ಮಹಾದೇವಿಯ ಮೊಣಕಾಲು ಮಡಚುವುದಿಲ್ಲ. ನನಗೆ ಇದರಲ್ಲಿ ಒಂದೂ ಬರುತ್ತಿರಲಿಲ್ಲ. ಆಗ ವಾರ್ಡಿನವರೇ ಖಾನಾಪುರದ ಒಂದು ಕೇಂದ್ರದ ಹೆಸರು ಹೇಳಿದರು. ಆಸ್ಪತ್ರೆ ಬಿಟ್ಟ ಹಿರಿಯರನ್ನು ಕೆಲವು ವಾರ ಇಟ್ಟುಕೊಂಡು, ಕಲಿತ ನರ್ಸುಗಳಿಂದ ನೋಡಿಕೊಂಡು, ಮನೆಗೆ ಹೋಗುವ ಮಟ್ಟಕ್ಕೆ ತರುವ ಜಾಗ. ಹನ್ನೆರಡು ಹಾಸಿಗೆಗಳದು.

ನಮ್ಮ ಬಳಗದಲ್ಲಿ ಅದಕ್ಕೆ ವೃದ್ಧಾಶ್ರಮವೆಂದೇ ಹೆಸರಾಯಿತು. ನನ್ನ ಸೋದರತ್ತೆಯ ಮಗ ಫೋನ್ ಮಾಡಿ, "ಸಾಕಿದಾಕಿನ್ನ ಒಯ್ದು ಆಶ್ರಮದಾಗ ಬಿಟ್ಟ ಬಂದಿ ಏನಪಾ?" ಎಂದ. ಆರು ವಾರದ ಮಾತು ಎಂದೆ. "ಅಲ್ಲಿ ಹೋದವರು ತಿರುಗಿ ಬಂದಿದ್ದು ನಾ ಕಂಡಿಲ್ಲ" ಎಂದು ಫೋನ್ ಇಟ್ಟ.

ಕೇಂದ್ರ ಖಾನಾಪುರದ ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ, ಮಲಪ್ರಭೆಯ ಕಡೆಗೆ ಇಳಿಯುವ ರಸ್ತೆಯಲ್ಲಿ. ಒಂದು ಕೋಣೆಗೆ ಎರಡು ಹಾಸಿಗೆ. ಅಕ್ಕನ ಬಾಜೂ ಹಾಸಿಗೆಯಲ್ಲಿ ತಾಲ್ಲೂಕಿನದೇ ಒಂದು ಹಳ್ಳಿಯ ಮರಾಠಿ ಮುದುಕಿ ಇದ್ದಳು. ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದು ಆಪರೇಷನ್ ಆಗಿತ್ತು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ನಾನು ಪತ್ರಿಕೆಯವನೆಂದು ಗೊತ್ತಾದ ದಿನದಿಂದ ಆಯಿ ನನ್ನನ್ನು ಪೇಪರ್ ಮಾಮಾ ಎಂದೇ ಕರೆದಳು. ವಾಕರ್ ಹಿಡಿದು ನಡೆಯುವಾಗ, ತಾನು ಬಿದ್ದ ಸುದ್ದಿ ಯಾಕೆ ಹಾಕಲಿಲ್ಲ ಎಂದು ಕೇಳುತ್ತಿದ್ದಳು.

ಬೆಳಗಿನ ಪಾಳಿಯ ಸಿಸ್ಟರ್ ಶಾಹೀನ್. ಖಾನಾಪುರದವರೇ, ಮೂವತ್ತು ಮೂವತ್ತೆರಡರ ವಯಸ್ಸು. ಅಕ್ಕ ಶಾಲೆಯಲ್ಲಿ ಕಲಿಸಿದವಳು ಎಂದು ತಿಳಿದು, ಮೊದಲ ದಿನದಿಂದಲೇ ಶಾಲೆಯ ಮಕ್ಕಳ ಹಾಗೆ ಅಕ್ಕಾರ ಎಂದು ಕರೆದರು. ಮಾಡುವ ಕೆಲಸವನ್ನು ಮಾಡುವ ಮೊದಲು ಅಕ್ಕನಿಗೆ ಹೇಳುತ್ತಿದ್ದರು. "ಅಕ್ಕಾರ, ಈಗ ಎಡಕ ಹೊಳ್ಳಸ್ತೀನ್ರಿ." "ಅಕ್ಕಾರ, ಈಗ ಕಫಾ ತಗೀತೀನಿ, ಸ್ವಲ್ಪ ತ್ರಾಸ ಆಗತೈತಿ." ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಒಂದು ಕ್ಷಣ ಕಾಯುತ್ತಿದ್ದರು. ಆಮೇಲೆ ಕೆಲಸ ಶುರು ಮಾಡುತ್ತಿದ್ದರು.

ನನ್ನ ಪಾಲಿನ ಕೆಲಸ ಪೂಜೆ. ಲಿಂಗಪೂಜೆ ಮಾಡದೆ ಅಕ್ಕ ಒಂದು ದಿನವೂ ಬಾಯಿಗೆ ನೀರು ಹಾಕಿದವಳಲ್ಲ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ರೈಲು ತಪ್ಪುತ್ತದೆ ಎಂದರೂ ಪೂಜೆ ತಪ್ಪಿಸಲಿಲ್ಲ. ಅವಳಿಂದ ಆಗದಿದ್ದಾಗ ನಾನು ಮಾಡಿಸಬೇಕು ಎಂದು ಯಾರೂ ಹೇಳಬೇಕಾಗಿರಲಿಲ್ಲ. ದಿನಾ ಸ್ನಾನ ಮುಗಿಸಿ ಆರರ ಬಸ್ಸಿಗೆ ಬೆಳಗಾವಿ ಬಿಡುತ್ತಿದ್ದೆ. ಗಣೇಬೈಲ ದಾಟುವಾಗ ಬೆಳಕಾಗಿರುತ್ತಿತ್ತು. ಏಳೂವರೆಗೆ ಅಕ್ಕನ ಹತ್ತಿರ ಇರುತ್ತಿದ್ದೆ. ಅದು ಪಾಳಿ ಬದಲಾಗುವ ಹೊತ್ತು, ನರ್ಸುಗಳೆಲ್ಲ ಹೊರಗಿನ ಮೇಜಿನ ಸುತ್ತ ಇರುತ್ತಾರೆ. ಇಷ್ಟಲಿಂಗ ಬೇರೆಯವರ ಕಣ್ಣಿಗೆ ಬೀಳಬಾರದೆಂಬುದು ನಮ್ಮ ಮನೆಯ ಕಟ್ಟು. ಹಾಸಿಗೆಯ ಸುತ್ತ ಪರದೆ ಎಳೆಯುತ್ತಿದ್ದೆ. ಅಕ್ಕನ ಎಡ ಅಂಗೈಯಲ್ಲಿ ಲಿಂಗವಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಒಂದು ಬಿಲ್ವಪತ್ರೆ ಏರಿಸುತ್ತಿದ್ದೆ. ಲಿಂಗದ ಮೇಲಿಂದ ಬಟ್ಟಲಿಗೆ ಇಳಿದ ತೀರ್ಥವನ್ನು ಒಂದು ಚಮಚ ಅವಳ ನಾಲಿಗೆಯ ಮೇಲೆ ಬಿಡುತ್ತಿದ್ದೆ. ಅವಳು ಕಣ್ಣು ಮುಚ್ಚುತ್ತಿದ್ದಳು. ಇಡೀ ದಿನದಲ್ಲಿ ಅವಳ ಮುಖ ಹಳೆಯ ಮುಖವಾಗುತ್ತಿದ್ದದ್ದು ಆ ಒಂದು ನಿಮಿಷ. ಅದನ್ನು ನೋಡಲಿಕ್ಕೆಂದೇ ನಾನು ಅಷ್ಟು ದೂರ ಬರುತ್ತಿದ್ದೆ ಎಂದರೂ ತಪ್ಪಿಲ್ಲ.

ಉಳಿದ ಹೊತ್ತು ಬರೆಯುತ್ತಿದ್ದೆ. ಜ್ವರ ಎಷ್ಟು, ನಾಡಿ ಎಷ್ಟು, ಗಂಜಿ ಎಷ್ಟು ಹೊತ್ತಿಗೆ, ಮಗ್ಗುಲು ಯಾವಾಗ ಬದಲಿಸಿದರು, ಯಾರು ಬದಲಿಸಿದರು. ದಿನದ ಮೊದಲ ಸಾಲು ಯಾವಾಗಲೂ ಒಂದೇ: ಏಳೂ ನಲವತ್ತು, ಪೂಜೆ.

ನಾಲ್ಕನೆಯ ದಿನ ಜ್ವರ ಬಂತು. ಕೇಂದ್ರಕ್ಕೆ ಬರುವ ಡಾಕ್ಟರು ಎದೆ ಪರೀಕ್ಷಿಸಿ ಬಲಗಡೆ ಕಫ ಕೂತಿದೆ ಎಂದರು. ಇಂಜೆಕ್ಷನ್ ಶುರುವಾಯಿತು. ಇಳಿಯಿತು, ಮತ್ತೆ ಏರಿತು. ಎರಡನೆಯ ವಾರ ಉಸಿರಾಟ ಎಷ್ಟು ಜೋರಾಯಿತೆಂದರೆ ಪಕ್ಕೆಗಳ ನಡುವೆ ಚರ್ಮ ಒಳಕ್ಕೆ ಹೋಗುವುದು ಕಾಣಿಸುತ್ತಿತ್ತು. ಆಂಬುಲೆನ್ಸಿನಲ್ಲಿ ಬೆಳಗಾವಿಗೆ ತಂದೆವು. ನ್ಯುಮೋನಿಯಾ ಎಂದರು. ಆರು ದಿನ ತೀವ್ರ ನಿಗಾ ಘಟಕದಲ್ಲಿದ್ದಳು. ಒಳಗೆ ನಮ್ಮನ್ನು ದಿನಕ್ಕೆ ಹತ್ತು ನಿಮಿಷ ಬಿಡುತ್ತಿದ್ದರು, ಪೂಜೆಗೆ ಅವಕಾಶವಿರಲಿಲ್ಲ. ಅಲ್ಲಿ ಜ್ವರ ಇಳಿಯಿತು. ಖಾನಾಪುರಕ್ಕೆ ಮರಳಿ ಕರೆದೊಯ್ದ ಮೂರನೆಯ ದಿನ ಮತ್ತೆ ಬಂತು.

ಡಾಕ್ಟರು ನನ್ನನ್ನು ಹೊರಗೆ ಕರೆದು, ಈ ವಯಸ್ಸಿನಲ್ಲಿ ಇದೇ ರೀತಿ ಇನ್ನೊಮ್ಮೆ ಎದೆ ತುಂಬಿದರೆ ನಿಮ್ಮ ಅಕ್ಕ ತಡೆದುಕೊಳ್ಳುವುದಿಲ್ಲ, ಮನೆಯವರು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದರು. ಸೋದರತ್ತೆಯ ಮಗನಿಗೆ ತಾನು ಹೇಳಿದ್ದು ನಿಜವಾಯಿತು ಅನ್ನಿಸಿರಬೇಕು. ಮಣ್ಣು ಮಾಡುವ ಜಾಗದ ಬಗ್ಗೆ ಮಹಾದೇವಿಯ ಹತ್ತಿರ ಮಾತೆತ್ತಿದನಂತೆ. ಅವಳು ಫೋನ್ ಕಟ್ ಮಾಡಿದಳು.

ನನ್ನ ಅನುಮಾನ ಎಲ್ಲಿಗೆ ಹೋಯಿತು ಎಂಬುದನ್ನು ಹೇಳಬೇಕು. ಆಸ್ಪತ್ರೆಯಲ್ಲಿ ಇಳಿಯುವ ಜ್ವರ ಇಲ್ಲಿ ಏರುತ್ತದೆ ಎಂದರೆ ತಪ್ಪು ಇಲ್ಲಿಯದು. ನಳಿಕೆಯ ಗಂಜಿ ವೇಗವಾಗಿ ಹಾಕುತ್ತಿರಬಹುದು, ತಲೆ ಎತ್ತರಿಸದೆ ಹಾಕುತ್ತಿರಬಹುದು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ದೂರನ್ನು ಬರೆಯತೊಡಗಿದೆ. ಶುಶ್ರೂಷೆಯಲ್ಲಿ ಲೋಪ ಎಂದು ಆರಂಭಿಸಿ, ಶಾಹೀನ್ ಅವರ ಹೆಸರನ್ನೂ ಬರೆದೆ. ಗುರುವಾರ ಬೆಳಿಗ್ಗೆ ಅವರನ್ನು ಕೇಳಿಯೂ ಬಿಟ್ಟೆ.

"ನಿಮ್ಮಿಂದ ಏನರ ತಪ್ಪ ಆಗಿರಬೇಕಲ್ರೀ ಸಿಸ್ಟರ್. ಇಲ್ಲಾಂದ್ರ ಇಲ್ಲೇ ಯಾಕ ಜ್ವರ ಬರ್ತೈತಿ?"

ಅವರು ಸಿಟ್ಟಾಗಲಿಲ್ಲ. "ನಾವೂ ಅದನ್ನ ಹುಡಕಾಕ ಹತ್ತೀವ್ರಿ ಸರ" ಎಂದರು. ಆಮೇಲೆ ಕೇಳಿದರು: "ನೀವು ಬಾಯಿಂದ ಏನರ ಕೊಟ್ಟೀರೇನ್ರಿ?"

"ಇಲ್ಲ."

"ಒಂದ್ ಗುಟಕ ನೀರು?"

"ನೀರೂ ಇಲ್ಲ. ಎಲ್ಲಾ ಬರದಿಟ್ಟೀನಿ, ಬೇಕಾದ್ರ ನೋಡ್ರಿ."

ಅವರು ತಮ್ಮ ಕಾಗದದಲ್ಲಿ, ಬಾಯಿಂದ ಏನೂ ಕೊಟ್ಟಿಲ್ಲ, ಮನೆಯವರ ಹೇಳಿಕೆ ಎಂದು ಬರೆದುಕೊಂಡರು. ನಾನು ಸುಳ್ಳು ಹೇಳಲಿಲ್ಲ. ಆ ಕ್ಷಣದಲ್ಲಿ ಯಾರಾದರೂ ಲಿಂಗ ಮುಟ್ಟಿ ಹೇಳು ಎಂದಿದ್ದರೂ ಅದನ್ನೇ ಹೇಳುತ್ತಿದ್ದೆ.

ಆ ದಿನ ಮಧ್ಯಾಹ್ನ ನದಿಯ ಕಡೆಗೆ ನಡೆದುಹೋದೆ. ಮಲಪ್ರಭೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರಿಂದ ದೂರ ಕುಳಿತು, ಅಂಗಿಯ ಒಳಗೆ ನನ್ನ ಲಿಂಗವನ್ನು ಹಿಡಿದುಕೊಂಡು ಬೇಡಿದೆ. ನಾನು ಬೇಡಿದ ಮಾತು ಇಷ್ಟೇ: ಅವಳ ಜ್ವರ ಇಳಿಸು. ನಮ್ಮಿಂದ ಏನಾದರೂ ತಪ್ಪಾಗಿದ್ದರೆ ಅದನ್ನು ತೋರಿಸಿಕೊಡು. ಎರಡನೆಯ ಮಾತನ್ನು ನಾವೆಲ್ಲ ದೇವರ ಮುಂದೆ ಬಾಯಿರೂಢಿಗೆ ಆಡುತ್ತೇವೆ. ನಾನೂ ರೂಢಿಗೆ ಆಡಿದೆ. ಮನಸ್ಸಿನಲ್ಲಿದ್ದದ್ದು ಮೊದಲನೆಯದು ಮಾತ್ರ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಜ್ವರ ಮರಳಿದ ದಿನದಿಂದ ನಾನು ತೀರ್ಥವನ್ನು ಒಂದು ಚಮಚದಿಂದ ಮೂರಕ್ಕೆ ಏರಿಸಿದ್ದೆ. ಔಷಧಿ ಕೈಬಿಟ್ಟಲ್ಲಿ ಇದು ಹಿಡಿಯಲಿ ಎಂದು.

ಶುಕ್ರವಾರ ಬೆಳಿಗ್ಗೆ ಥರ್ಮಾಮೀಟರ್ ನೂರಾ ಎರಡು ತೋರಿಸುತ್ತಿತ್ತು. ನಾನು ಪೂಜೆ ಮುಗಿಸಿ ಪರದೆ ಸರಿಸುವಷ್ಟರಲ್ಲಿ ಶಾಹೀನ್ ಎಂದಿಗಿಂತ ಮೊದಲೇ ಒಳಗೆ ಬಂದಿದ್ದರು. ನಳಿಕೆ ಪರೀಕ್ಷಿಸಲು ಸಿರಿಂಜ್ ತೆಗೆದುಕೊಂಡರು. ಆಗ ಬಾಜೂ ಹಾಸಿಗೆಯಿಂದ ಆಯಿ ತನ್ನ ಬೆರಕೆ ಕನ್ನಡದಲ್ಲಿ ದೂರು ಶುರುಮಾಡಿದಳು.

"ನೋಡ ಗ ಪೋರಿ, ನಮ್ಮ ಪೇಪರ್ ಮಾಮಾ ದಿನಾ ಪಡದಾ ಎಳದು ಅಕ್ಕಗ ಮೂರ ಮೂರ ಚಮಚಾ ತೀರ್ಥ ಕುಡಸ್ತಾರ. ಬಾಜೂಕ ನಾ ಒಬ್ಬಾಕಿ ಮುದುಕಿ ಬಿದ್ದೀನಿ, ನನಗ ಒಂದ ಹನಿ ಇಲ್ಲ. ಯಾಕ್ರೀ ಮಾಮಾ, ನಿಮ್ಮ ದೇವರಿಗೆ ಮರಾಠಿ ಬರೂದಿಲ್ಲೇನ್?"

ಶಾಹೀನ್ ನಕ್ಕರು. ನಾನೂ ನಕ್ಕೆ. ಆಮೇಲೆ ಅವರ ನಗು ನಿಂತಿತು. ಸಿರಿಂಜನ್ನು ಟ್ರೇಯಲ್ಲಿ ಇಟ್ಟರು.

"ತೀರ್ಥ ಅಂದ್ರ ಏನ್ರಿ ಸರ? ಬಾಯಾಗ ಹಾಕ್ತೀರೇನ್ರಿ?"

"ಪೂಜಿದು. ಒಂದೆರಡ ಚಮಚ" ಎಂದೆ. ಅಷ್ಟು ಹೇಳುವಾಗಲೂ ನನಗೆ ತಿಳಿಯಲಿಲ್ಲ. ಹೇಳಿ ಮುಗಿದ ಮೇಲೆ ನನ್ನ ಕೈಯಲ್ಲಿದ್ದ ಬಟ್ಟಲನ್ನು ನೋಡಿದೆ. ಅದರಲ್ಲಿ ನೀರಿತ್ತು.

ಅರವತ್ತು ದಾಟಿದ ನಾನು ಹುಟ್ಟಿದಂದಿನಿಂದ ತೀರ್ಥವನ್ನು ನೀರು ಎಂದು ಎಣಿಸಿದವನಲ್ಲ. ಉಪವಾಸವಿದ್ದಾಗ ಅದನ್ನು ತೆಗೆದುಕೊಂಡರೆ ಉಪವಾಸ ಮುರಿಯುವುದಿಲ್ಲ. ಏನೂ ಉಂಡಿಲ್ಲ, ನೀರೂ ಕುಡಿದಿಲ್ಲ ಎಂದು ಹೇಳುವವರು ತೀರ್ಥ ತೆಗೆದುಕೊಂಡೇ ಹಾಗೆ ಹೇಳುತ್ತಾರೆ. ಶಾಹೀನ್ ನೀರು ಕೊಟ್ಟಿದ್ದೀರಾ ಎಂದಾಗ ನನ್ನ ತಲೆಯಲ್ಲಿ ಬಂದದ್ದು ಲೋಟ, ಗುಟುಕು, ಬಾಯಾರಿಕೆ. ಈ ಬಟ್ಟಲು ಬರಲೇ ಇಲ್ಲ.

ಅವರು ನನ್ನ ನೋಟ್‌ಬುಕ್ ಕೇಳಿದರು. ಕೊಟ್ಟೆ. ಪುಟ ತಿರುವುತ್ತ ಬೆರಳಿಟ್ಟರು.

"ಇಲ್ಲಿ ಪೂಜಿ, ಇಲ್ಲಿ ಜ್ವರ. ನಡುವ ದವಾಖಾನ್ಯಾಗ ಇದ್ದಾಗ ಪೂಜಿ ಬರದಿಲ್ರೀ?"

"ಒಳಗ ಬಿಡಲಿಲ್ಲ."

"ಆ ಆರು ದಿನ ಮತ್ತ ಜ್ವರ ಏರಿತ್ತೇನ್ರಿ?"

ನನ್ನದೇ ಅಕ್ಷರದಲ್ಲಿ ಉತ್ತರ ಅಲ್ಲಿತ್ತು. ಶಾಹೀನ್ ಮೇಲಿನ ಪುಟಗಳನ್ನಷ್ಟೇ ನೋಡಿದರು. ಹಿಂದಿನ ಪುಟ ತಿರುವಲಿಲ್ಲ.

"ತೀರ್ಥ ತಪ್ಪಲ್ರೀ ಸರ" ಎಂದರು ಅವರು. ಧ್ವನಿ ಅಕ್ಕನಿಗೆ ಕೇಳಿಸದಷ್ಟು ತಗ್ಗಿತ್ತು. "ಆದ್ರ ಅಕ್ಕಾರ ಗಂಟಲಿಗೆ ಅದು ತೀರ್ಥ ಅಂತ ಗೊತ್ತಾಗೂದಿಲ್ಲ." ನೋಟ್‌ಬುಕ್ ತಿರುಗಿ ಕೊಡುತ್ತ, "ನಮ್ಮ ಮನ್ಯಾಗೂ ಹಿಂಗ ಆಗಿತ್ರಿ. ನಮ್ಮ ದಾದಾಗ ಲಕ್ವಾ ಹೊಡದಾಗ ಮೆಕ್ಕಾದಿಂದ ತಂದ ಝಂಝಂ ನೀರು ದಿನಾ ಬಾಯಾಗ ಹಾಕ್ತಿದ್ವಿ. ಅವಾಗ ನಾ ಇನ್ನೂ ನರ್ಸಿಂಗ್ ಕಲ್ತಿರಲಿಲ್ಲ."

ಅವರ ದಾದಾ, ಆ ಅಜ್ಜ, ಏನಾದರು ಎಂದು ನಾನು ಕೇಳಲಿಲ್ಲ.

ಡಾಕ್ಟರಿಗೆ ಅವರೇ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದರು. ನಾನು ಹೊರಗೆ ಬಂದು ಬಸ್ ನಿಲ್ದಾಣದವರೆಗೆ ನಡೆದೆ, ಬಸ್ ಹತ್ತಲಿಲ್ಲ, ತಿರುಗಿ ಬಂದೆ. ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಮಹಾದೇವಿಗೆ ಹೇಳಿದೆ. ಪೂಜೆ ನಿಲ್ಲಿಸಿದರೆ ಅಕ್ಕನಿಗೆ ಏನೆಂದು ಹೇಳಲಿ, ಆಸ್ಪತ್ರೆಯ ದಿನಗಳನ್ನು ಬಿಟ್ಟರೆ ತೀರ್ಥ ಇಲ್ಲದೆ ಆಕೆ ಒಂದು ದಿನವೂ ಇದ್ದವಳಲ್ಲ ಎಂದೆ. ನಳಿಕೆಯಲ್ಲಿ ಗಂಜಿ ಹಾಕಿದ ಮೇಲೆ ಹೇಗೂ ಅಷ್ಟು ನೀರು ಬಿಡುತ್ತೇವೆ, ಕಾಯಿಸಿ ಆರಿಸಿದ ನೀರಿನಲ್ಲಿ ಪೂಜೆ ಮಾಡಿದರೆ ಆ ನೀರಿನ ಬದಲು ತೀರ್ಥವನ್ನೇ ಬಿಡಬಹುದು ಎಂದು ಶಾಹೀನ್ ಹೇಳಿದ್ದರು. ಅದನ್ನೂ ಹೇಳಿದೆ. ಮೂಗಿನಿಂದ ತೀರ್ಥ ಕೊಟ್ಟದ್ದನ್ನು ನಾನು ಎಲ್ಲೂ ಕೇಳಿಲ್ಲ, ಯಾರನ್ನಾದರೂ ಕೇಳಬೇಕೇನೋ ಎಂದೆ.

ಆಗ ಅವಳೆಂದಳು: "ಯಾರನ್ನ ಕೇಳ್ತೀರಿ? ಕೇಳಬೇಕಾದಾಗ ಕೇಳಲಿಲ್ಲ. ಲಿಂಗ ಆಕಿ ಮೈಮ್ಯಾಲೆ ಐತಿ, ನಾಲಿಗಿ ಮ್ಯಾಲೆ ಇಲ್ಲ. ಸಿಸ್ಟರ್ ಹೇಳಿದಂಗ ಮಾಡ್ರಿ."

ಮರುದಿನ ಶನಿವಾರ. ಪರದೆಯನ್ನು ಅರ್ಧ ಮಾತ್ರ ಎಳೆದೆ. ಶಾಹೀನ್ ಒಳಗೆ ನಿಂತರು, ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದರು. ಪೂಜೆ ಮುಗಿಯಿತು. ಅಕ್ಕನಿಗೆ ಆ ಹೊತ್ತಿಗೆ ನಮ್ಮ ಗುರುತು ಹತ್ತುತ್ತಿತ್ತೋ ಇಲ್ಲವೋ ಹೇಳಲಾರೆ, ಜ್ವರ ಅಷ್ಟಿತ್ತು. ಆದರೆ ಲಿಂಗವನ್ನು ಅಂಗೈಯಿಂದ ಎತ್ತಿದ ಕೂಡಲೇ ಅವಳು ಬಾಯಿ ತೆರೆದಳು. ಸೊಟ್ಟಗಾದ ಬಾಯಿ, ಒಣಗಿದ ತುಟಿ. ಚಮಚಕ್ಕಾಗಿ ಕಾಯುತ್ತಿದ್ದಳು.

ನಾನು ಬಟ್ಟಲನ್ನು ಶಾಹೀನ್ ಕಡೆಗೆ ಚಾಚಿದೆ. ಅವರು ಕೈ ಮುಂದೆ ಮಾಡಿ ನಿಲ್ಲಿಸಿದರು.

"ನಾ ಮುಟ್ಟಿದ್ರ ನಡೀತೈತೇನ್ರಿ?"

"ನಡೀತೈತ್ರಿ" ಎಂದೆ.

ಅವರು ತೀರ್ಥವನ್ನು ಸಿರಿಂಜಿಗೆ ಎಳೆದುಕೊಂಡರು. "ಅಕ್ಕಾರ, ತೀರ್ಥ ಕೊಡಾಕ ಹತ್ತೀನ್ರಿ" ಎಂದು ಹೇಳಿ ಒಂದು ಕ್ಷಣ ಕಾದರು. ನಳಿಕೆಯಲ್ಲಿ ಅದು ನಿಧಾನವಾಗಿ ಇಳಿಯಿತು. ಅಕ್ಕನ ಬಾಯಿ ತೆರೆದೇ ಇತ್ತು. ಅವಳಿಗೆ ಏನೂ ಬಂದಿರಲಿಲ್ಲ. ನಾನು ಬಟ್ಟಲಿನ ತಳದಲ್ಲಿ ಉಳಿದದ್ದರಲ್ಲಿ ಬೆರಳು ಅದ್ದಿ ಅವಳ ಎರಡೂ ಕಣ್ಣಿಗೆ ಒತ್ತಿದೆ. ಬಹಳ ಹೊತ್ತಾದ ಮೇಲೆ ಬಾಯಿ ಮುಚ್ಚಿದಳು. ಆ ಮುಖ ಹಳೆಯ ಮುಖವಾಗಲಿಲ್ಲ.

ಆಯಿಗೂ ಆ ದಿನ ತೀರ್ಥ ಕೊಟ್ಟೆ. ಲಿಂಗ ಕಟ್ಟಿಕೊಳ್ಳದವರಿಗೆ ಇಷ್ಟಲಿಂಗದ ತೀರ್ಥ ಕೊಡುವುದಿಲ್ಲವೆಂಬ ಕಾರಣಕ್ಕೆ ಇಷ್ಟು ದಿನ ಅವಳ ಮಾತನ್ನು ನಕ್ಕು ತೇಲಿಸಿದ್ದೆ. ಅವಳು ಕುಡಿದು, ಒದ್ದೆ ಅಂಗೈಯನ್ನು ತಲೆಗೆ ಸವರಿಕೊಂಡು, "ಈಗ ನಡದೇನ್ ನೋಡ್ ಮಾಮಾ" ಎಂದಳು. ತಾನು ಏನು ಮಾಡಿದೆನೆಂದು ಅವಳಿಗೆ ತಿಳಿದಿರಲಿಲ್ಲ. ನಾನೂ ತಿಳಿಸಲಿಲ್ಲ. ತಿಳಿಸಲು ನನ್ನ ತಪ್ಪನ್ನು ಹೇಳಬೇಕಾಗುತ್ತಿತ್ತು, ಆ ದಿನ ಅದಕ್ಕೆ ಧೈರ್ಯವಿರಲಿಲ್ಲ.

ಜ್ವರ ಕೂಡಲೇ ಇಳಿಯಲಿಲ್ಲ. ಆಸ್ಪತ್ರೆಗೆ ಒಯ್ಯುವುದೋ ಇಲ್ಲೇ ನೋಡುವುದೋ ಎಂದು ನಾನು ಕೇಳಿದಾಗ, ಅಕ್ಕ ದಾರಿಯ ಅಲುಗಾಟ ತಾಳುವ ಸ್ಥಿತಿಯಲ್ಲಿಲ್ಲ ಎಂದು ಡಾಕ್ಟರು ಹೇಳಿದರು. ಆಮ್ಲಜನಕ ಹಚ್ಚಿದರು. ಐದು ದಿನ ನರ್ಸುಗಳು ಪಾಳಿ ಪಾಳಿಯಾಗಿ ಅವಳ ಎದೆ ಬೆನ್ನು ತಟ್ಟಿ ಕಫ ಸಡಿಲಿಸಿ, ಯಂತ್ರದಿಂದ ಎಳೆದು ತೆಗೆದರು. ಒಳಗೆ ನಳಿಕೆ ಹಾಕಿದಾಗಲೆಲ್ಲ ಅವಳ ಎಡಗೈ ಹಾಸಿಗೆಯ ಅಂಚನ್ನು ಹಿಡಿಯುತ್ತಿತ್ತು. ಮೂರನೆಯ ದಿನ ನಾನು ಆ ಹೊತ್ತಿಗೆ ಕೋಣೆಯಿಂದ ಹೊರಗೆ ಹೋಗತೊಡಗಿದೆ. ನಾಲ್ಕನೆಯ ದಿನ ಉಸಿರು ಎಣಿಸುವಂತಾಗಿತ್ತು, ಮಹಾದೇವಿಯನ್ನು ಕರೆಸಿಕೊಂಡೆ. ಅವಳು ಮೊಣಕಾಲು ಎಳೆದುಕೊಂಡು ಬಂದು ಅಕ್ಕನ ಪಾದದ ಹತ್ತಿರ ಸಂಜೆಯವರೆಗೆ ಕುಳಿತಳು. ನನ್ನನ್ನು ನೋಡಲಿಲ್ಲ.

ಆ ದಿನಗಳಲ್ಲಿ ನಾನು ಏನೂ ಬೇಡಲಿಲ್ಲ. ಬೇಡಲು ಬಾಯಿ ಬರಲಿಲ್ಲ. ದೂರು ಬರೆದ ಪುಟವನ್ನು ಹರಿದು ಹಾಕಿದೆ. ಆಮೇಲೆ ಯೋಚಿಸಿ, ಬೇರೆ ಪುಟದಲ್ಲಿ ನಡೆದದ್ದನ್ನು ನಡೆದಂತೆ ಬರೆದು, ಎಷ್ಟು ದಿನ, ಎಷ್ಟು ಚಮಚ ಎಂದು ನಮೂದಿಸಿ, ಸಹಿ ಮಾಡಿ ಶಾಹೀನ್ ಅವರಿಗೆ ಕೊಟ್ಟೆ. ಅವರ ಮೇಲೆ ಅನುಮಾನ ಪಟ್ಟದ್ದನ್ನೂ ಅದರಲ್ಲಿ ಬರೆದಿದ್ದೆ. ಓದಿ, ಅಕ್ಕನ ಫೈಲಿಗೆ ಸೇರಿಸಿದರು. ಇದು ಇಲ್ಲಿದ್ದರೆ ಮುಂದಿನ ಡಾಕ್ಟರಿಗೆ ಉಪಯೋಗಕ್ಕೆ ಬರುತ್ತದೆ ಎಂದರು, ಅಷ್ಟೇ.

ಆರನೆಯ ದಿನ ಬೆಳಿಗ್ಗೆ ಜ್ವರ ಸಹಜ ಮಟ್ಟಕ್ಕೆ ಬಂತು. ಏಳನೆಯ ದಿನವೂ ಹಾಗೇ ಇತ್ತು. ಅದಾದ ಮೇಲೆ ಮರಳಲಿಲ್ಲ.

ಉಳಿದ ವಾರಗಳು ನಿಧಾನವಾಗಿ ಸರಿದವು. ನುಂಗುವುದನ್ನು ಕಲಿಸುವವರು ಬೆಳಗಾವಿಯಿಂದ ಗುರುವಾರಕ್ಕೊಮ್ಮೆ ಬರುತ್ತಿದ್ದರು. ನಾಲಿಗೆ ಹೊರಗೆ ಚಾಚುವುದು, ಗಲ್ಲವನ್ನು ಎದೆಗೆ ತಂದು ನುಂಗುವುದು. ಅಕ್ಕ ಮೂರನೆಯ ತರಗತಿಯ ಮಕ್ಕಳಿಗೆ ಕಲಿಸಿದಷ್ಟೇ ಹಟದಿಂದ ತಾನೂ ಕಲಿತಳು. ಮಹಾನವಮಿಗೆ ಒಂದು ವಾರವಿರುವಾಗ ಗಟ್ಟಿಯಾಗಿ ಕಾಯಿಸಿದ ರಾಗಿ ಗಂಜಿಯ ಅರ್ಧ ಚಮಚ ಒಳಗೆ ಸರಿಯಾಗಿ ಇಳಿಯಿತು. ಮುಂದಿನ ವಾರ ನಳಿಕೆ ತೆಗೆದರು. ಹಬ್ಬಕ್ಕೆ ಮನೆಗೆ ಬಂದೆವು.

ಆಯಿ ಅದಕ್ಕೂ ಮೊದಲೇ ವಾಕರ್ ಹಿಡಿದು ತನ್ನ ಊರಿಗೆ ಹೋಗಿದ್ದಳು. ಹೋಗುವ ದಿನ ನಾನು ಬೆಳಗಾವಿಯಲ್ಲಿ ಅಕ್ಕನ ಔಷಧಿ ತರಲು ಹೋಗಿದ್ದೆ. ದೀಪಾವಳಿ ಆದ ಮೇಲೆ ಹಳ್ಳಿಗೇ ಹೋಗಿ ಎಲ್ಲವನ್ನೂ ಹೇಳಿ ಕೈಮುಗಿದು ಬರಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಶಾಹೀನ್ ಫೋನ್ ಮಾಡಿ, ಆಯಿ ಹೃದಯ ನಿಂತು ತೀರಿಕೊಂಡಳೆಂದು ತಿಳಿಸಿದರು. ಅವಳಿಗೆ ಸಲ್ಲಬೇಕಾದ ಮಾತು ನನ್ನಲ್ಲೇ ಉಳಿದಿದೆ.

ಅಕ್ಕ ಮೊದಲಿನಂತೆ ಆಗಿಲ್ಲ. ಬಲಗೈ ಮರಳಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಬಲಗಡೆ ಒಂದು ಕಲೆ ಉಳಿದಿದೆ, ಅದು ಹೇಗೆ ಬಂತೆಂದು ಡಾಕ್ಟರಿಗಿಂತ ನನಗೆ ಚೆನ್ನಾಗಿ ಗೊತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಾತು ಒಂದೊಂದೇ ಪದವಾಗಿ ಬರುತ್ತಿದೆ, ಎಲ್ಲ ಪದಗಳೂ ಕರೆದಾಗ ಬರುವುದಿಲ್ಲ. ತೀರ್ಥವನ್ನು ಗಂಜಿಯಲ್ಲಿ ಬೆರೆಸಿ ಗಟ್ಟಿ ಮಾಡಿ ಕೊಡುತ್ತೇವೆ. ಮೊದಲ ದಿನ ಅವಳು ಬಟ್ಟಲನ್ನೂ ನನ್ನನ್ನೂ ನೋಡಿದಳು. ಇದ್ಯಾಕೆ ಹೀಗೆ ಎಂದು ಕೇಳುವ ನೋಟ ಅದು.

ಹೇಳಲೇಬೇಕಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ, ಅವಳ ಎದುರು ಗಂಜಿ, ನನ್ನ ಎದುರು ರೊಟ್ಟಿ ಇದ್ದಾಗ ಹೇಳಿದೆ. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು, ಯಾಕೆ ಹೆಚ್ಚಿಸಿದೆ, ಯಾರನ್ನು ಅನುಮಾನಿಸಿದೆ, ಎಲ್ಲವನ್ನೂ. ಆ ಮೂರು ಸಲದ ಜ್ವರ ನನ್ನ ಕೈಯಿಂದ ಬಂದದ್ದು ಎಂದೆ. ಮಹಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಕಣ್ಣು ತೆಗೆಯದೆ ಕೇಳಿದಳು. ಮುಗಿದ ಮೇಲೆ ಏನೋ ಹೇಳಲು ಎರಡು ಸಲ ಬಾಯಿ ತೆರೆದಳು, ಪದ ಸಿಗಲಿಲ್ಲ. ಕೊನೆಗೆ ಎಡಗೈಯಿಂದ ನನ್ನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದಳು.

"ಉಣ್ಣು" ಎಂದಳು.

ನನಗೆ ಐದೂ ತುಂಬದಿದ್ದಾಗ ಅವ್ವ ಹೋದ ದಿನ ಅವಳು ನನಗೆ ಹೇಳಿದ್ದೂ ಅದನ್ನೇ ಇರಬೇಕು. ನನಗೆ ನೆನಪಿಲ್ಲ, ಹಾಗಾಗಿ ಅದನ್ನು ಹೌದೆಂದು ಬರೆಯಲಾರೆ. ಈ ಸಲದ್ದನ್ನು ಕಿವಿಯಾರೆ ಕೇಳಿದೆ. ಉಂಡೆ.

ನನ್ನ ನಂಬಿಕೆ ಇದರಿಂದ ಸಡಿಲಾಯಿತೇ ಎಂದು ಕೇಳಿದವರಿದ್ದಾರೆ. ಸೋದರತ್ತೆಯ ಮಗ ಕೇಳಿದ. ಇಲ್ಲ. ನದಿಯ ಮೆಟ್ಟಿಲ ಮೇಲೆ ನಾನು ಎರಡು ಮಾತು ಬೇಡಿದೆ. ರೂಢಿಗೆ ಆಡಿದ ಮಾತನ್ನು ಶಿವ ಮೊದಲು ಕೇಳಿಸಿಕೊಂಡ. ಒಂದು ಹಗಲೂ ದಾಟಿಸದೆ, ತಮಾಷೆ ಮಾಡುವ ಒಬ್ಬ ಮುದುಕಿಯ ಬಾಯಿಂದ, ನಾನು ದೂರು ಬರೆಯುತ್ತಿದ್ದ ಒಬ್ಬ ಹೆಣ್ಣುಮಗಳ ಕಿವಿಗೆ ಅದನ್ನು ಮುಟ್ಟಿಸಿದ. ಅದು ತಪ್ಪಿದ್ದರೆ ಶನಿವಾರವೂ ನಾನು ಚಮಚ ಎತ್ತುತ್ತಿದ್ದೆ. ಭಾನುವಾರದ ಹೊತ್ತಿಗೆ ಅಕ್ಕ ಇರುತ್ತಿರಲಿಲ್ಲ, ಅವಳನ್ನು ಉಳಿಸಿಕೊಳ್ಳಲು ಮಾಡುವುದೆಲ್ಲ ಮಾಡಿದೆ ಎಂದೇ ನಾನು ಸಾಯುವವರೆಗೆ ನಂಬಿಕೊಂಡಿರುತ್ತಿದ್ದೆ.

ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಮೂಗಿನ ನಳಿಕೆಯಲ್ಲಿ ಉಣ್ಣುತ್ತಿದ್ದರೆ, ಅವರಿಗೆ ತೀರ್ಥವಾಗಲಿ ಪ್ರಸಾದವಾಗಲಿ ಮುಟ್ಟಿಸುವ ಮೊದಲು ನೋಡಿಕೊಳ್ಳುವ ಸಿಸ್ಟರಿಗೆ ಒಂದು ಮಾತು ಹೇಳಿ. ದೇವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಮಾಡಿದ್ದಕ್ಕೂ ಮಾಡಿಕೊಳ್ಳಲಿಲ್ಲ.